ಏಸಿ ನೀರು ಕುಡಿದ ಬೋರೆಮರ

ಅಂಗಡಿ ಕಾಕಾ, ನನ್ನ ಉಸ್ಮಾನಾಕಾ,

ನಿಮ್ಮ ಅಂಗಡಿ ಮುಂದಿನ ಹಾಲಿನ ಕ್ರೇಟನ್ನು ಮಗುಚಿ ಹಾಕಿ, ಅದರ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಶುಕ್ರವಾರ, ಜುಮಾ ಮುಗಿಸಿದವರೆಲ್ಲ ಊಟಕ್ಕೆ ಮನೆ ಸೇರಿದ್ದಾರೆ. ಮೇ ತಿಂಗಳು, ನಡು ಮಧ್ಯಾಹ್ನ, ಸೌದಿಯ ದಮ್ಮಾಮಿನ ಬಿಸಿಲು. ಇಂಥ ಹೊತ್ತಿನಲ್ಲಿ ನಾನು ಗಲ್ಲಿಯಲ್ಲಿ ಕೂತಿದ್ದೇನೆ ಎಂದರೆ ನೀವು ನಂಬುತ್ತೀರಾ? ಮೊದಲಾಗಿದ್ದರೆ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೂಗುತ್ತಿದ್ದಿರಿ: “ಸಿಸ್ಟರೇ, ತಲೆ ಸಮಾ ಉಂಟಾ ನಿಮಗೆ? ಒಳಗೆ ಬನ್ನಿ, ಕರಟಿ ಹೋಗ್ತೀರಿ!” ಈಗ ಕೂಗುವವರು ಯಾರೂ ಇಲ್ಲ. ಕೂಗುವ ಅಗತ್ಯವೂ ಇಲ್ಲ, ಅದು ಬೇರೆ ವಿಷಯ. ತಲೆಯ ಮೇಲೆ ನಿಮ್ಮ ಬೋರೆಮರ ಇದೆ. ಮೊನ್ನೆ ಈ ಮರದ ಕೆಳಗೆ ನಡೆದದ್ದನ್ನು ನಿಮಗೆ ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ನೀವು ಮಲಗಿರುವಲ್ಲಿಗೆ ಬಂದು ಹೇಳೋಣವೆಂದರೆ ಆಗುವುದಿಲ್ಲವಲ್ಲ. ಇಲ್ಲಿ ಹೆಂಗಸರು ಖಬರಸ್ತಾನದ ಒಳಗೆ ಹೋಗುವ ಕ್ರಮವಿಲ್ಲ. ನಮ್ಮ ಜಾತಿಯವರಿಗಂತೂ ಇಲ್ಲವೇ ಇಲ್ಲ. ನನ್ನ ಯಜಮಾನರು ನಿಮ್ಮ ಮಯ್ಯತ್ತಿನ ಹಿಂದೆ ಬಂದು ಗೇಟಿನ ಹೊರಗೆ ನಿಂತು ಕಣ್ಣೊರೆಸಿಕೊಂಡು ವಾಪಸಾದರು. ಒಳಗೆ ಹೋದವರೂ ಹೇಳಿದರು, ಕಲ್ಲಿನ ಮೇಲೆ ಹೆಸರಿಲ್ಲ, ಎಲ್ಲ ಒಂದೇ ತರಹ, ಇನ್ನೊಮ್ಮೆ ಹೋದರೆ ಗುರುತು ಹಿಡಿಯುವುದು ಕಷ್ಟ ಅಂತ. ಹಾಗಾಗಿ ನಿಮ್ಮ ಹತ್ತಿರ ಮಾತಾಡಬೇಕೆಂದು ಅನಿಸಿದಾಗಲೆಲ್ಲ ನಾನು ಮೂರನೇ ಮಾಳಿಗೆಯಿಂದ ಇಳಿದು ಈ ಮರದ ಹತ್ತಿರ ಬರುತ್ತೇನೆ. ಮರಕ್ಕೆ ನನ್ನ ಕುಂದಾಪ್ರ ಕನ್ನಡ ನಿಮಗಿಂತ ಚೆನ್ನಾಗಿ ಅರ್ಥವಾಗುತ್ತದೆ! “ನಿಮ್ಮ ಕನ್ನಡದಲ್ಲಿ ಬೈದ್ರೆ ಬೈದದ್ದಾ ಹೊಗಳಿದ್ದಾ ಗೊತ್ತಾಗುದಿಲ್ಲ, ಬೈಯುದಿದ್ರೆ ಅರಬ್ಬಿಯಲ್ಲಿ ಬೈಯಿರಿ” ಅನ್ನುತ್ತಿದ್ದಿರಲ್ಲ ನೀವು. ಉಚ್ಚಿಲದ ಬ್ಯಾರಿಯಾಗಿ ಹುಟ್ಟಿ, ಕನ್ನಡವನ್ನು ಶಾಲೆಯಲ್ಲಿ ಕಲಿತು, ನನಗೆ ಕನ್ನಡದ ಪಾಠ!

ಆ ನೀರಿನ ಕ್ಯಾನಿನವ ಬಿದ್ದ ಮಧ್ಯಾಹ್ನ ನೆನಪಿದೆಯಾ? ಆಗಸ್ಟ್ ಇರಬೇಕು. ಹೆಗಲ ಮೇಲೆ ದೊಡ್ಡ ಕ್ಯಾನು ಹೊತ್ತುಕೊಂಡು ಎದುರಿನ ಕಟ್ಟಡಕ್ಕೆ ಹೋಗುತ್ತಿದ್ದವನು ನಿಮ್ಮ ಅಂಗಡಿ ಬಾಗಿಲಲ್ಲೇ ದಡಕ್ಕನೆ ಬಿದ್ದ. ನಾನು ಕ್ಲಿನಿಕ್ಕಿನ ಡ್ಯೂಟಿ ಮುಗಿಸಿ ಆಗಷ್ಟೇ ಗಲ್ಲಿಯೊಳಗೆ ಕಾಲಿಟ್ಟಿದ್ದೆ. ಮುಟ್ಟಿ ನೋಡಿದರೆ ಮೈ ಕಾದ ಕಾವಲಿ, ಬೆವರು ನಿಂತೇ ಹೋಗಿದೆ. ನೀವು ಫ್ರಿಜ್ಜಿನಲ್ಲಿದ್ದ ಮಜ್ಜಿಗೆ ಪ್ಯಾಕೆಟ್ಟುಗಳನ್ನೆಲ್ಲ ತಂದು ಸುರಿದಿರಿ, ನಾನು ಅವನ್ನು ಅವನ ಕಂಕುಳಿಗೆ, ಕುತ್ತಿಗೆಗೆ ಒತ್ತಿ ಹಿಡಿದೆ. ನೀವು ನಿಮ್ಮ ಲುಂಗಿ ಒದ್ದೆ ಮಾಡಿ ಅವನ ಎದೆಗೆ ಹೊದೆಸಿ, ರಟ್ಟಿನಲ್ಲಿ ಗಾಳಿ ಹಾಕುತ್ತಾ ಕೂತಿರಿ. ಆ್ಯಂಬುಲೆನ್ಸ್ ಬಂತು, ಮನುಷ್ಯ ಬದುಕಿಕೊಂಡ. ಆದರೆ ನೀವು ಅಲ್ಲೇ ಮೆಟ್ಟಿಲ ಮೇಲೆ ಕೂತು ಮೇಲೆ ನೋಡುತ್ತಲೇ ಇದ್ದಿರಿ. ಎರಡೂ ಕಡೆ ಎತ್ತರದ ಕಟ್ಟಡ, ಕಿಟಕಿಗೊಂದು ಏಸಿ, ಎಲ್ಲದರಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಸಮುದ್ರದ ಕಡೆಯ ಗಾಳಿ ಬೀಸಿದ ದಿನ ನಮ್ಮ ಗಲ್ಲಿಯಲ್ಲಿ ಆಟಿ ತಿಂಗಳ ಮಳೆಗೆ ಮಾಡಿನಿಂದ ಇಳಿಯುವ ಹಾಗೆ ನೀರು ಬೀಳುತ್ತದಲ್ಲ, ಹಾಗೆ.

“ಮೇಲಿಂದ ನೀರು ಬೀಳ್ತಾ ಉಂಟು, ಕೆಳಗೆ ಮನುಷ್ಯ ಒಣಗಿ ಬೀಳ್ತಾನೆ. ಎಂತ ಮಾರಾಯ್ತಿ ಇದು?” ಎಂದಿರಿ. ನಾನು “ಏಸಿ ಒಳಗೆ ತಂಪು ಮಾಡಿ ಬಿಸಿಯನ್ನೆಲ್ಲ ಗಲ್ಲಿಗೇ ತಳ್ಳುತ್ತದೆ ಕಾಕ, ಇಲ್ಲಿ ಇನ್ನೆಂತ ಆಗತ್ತೆ” ಅಂದೆ. ನೀವು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು ಹೇಳಿದಿರಿ: “ಹಾಗಾದ್ರೆ ಅದರ ನೀರು ಕೂಡ ಗಲ್ಲಿದ್ದೇ ಅಲ್ವಾ? ಒಂದು ಮರ ಬರುದಿಲ್ವಾ ಅದ್ರಲ್ಲಿ?”

ನಿಮ್ಮ ಆಸೆ ಎಷ್ಟು ಸಣ್ಣದಿತ್ತು, ಎಷ್ಟು ದೊಡ್ಡದಿತ್ತು! ಅಂಗಡಿ ಬಾಗಿಲಿನಿಂದ ಗಲ್ಲಿ ತುದಿಯ ಮಸೀದಿ ಬಾಗಿಲಿನವರೆಗೆ, ಮಧ್ಯಾಹ್ನದ ಲುಹರ್ ನಮಾಜಿಗೆ, ಕೊಡೆ ಬಿಚ್ಚದೆ ನಡೆದು ಹೋಗಬೇಕು. ಅಷ್ಟೇ. ಊರಿನಿಂದ ತಂದ ಆ ಉದ್ದ ಹಿಡಿಯ ಕಪ್ಪು ಕೊಡೆ ಹಿಡಿದುಕೊಂಡು ನೀವು ಲುಹರಿಗೆ ಹೊರಟರೆ ಗಲ್ಲಿಯ ಮಕ್ಕಳೆಲ್ಲ ಆಕಾಶ ನೋಡಿ “ಮಳೆ ಬಂತಾ ಉಸ್ಮಾನ್?” ಎಂದು ಕಿಚಾಯಿಸುತ್ತಿದ್ದರು. ನೀವೋ, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಜುಬ್ಬಾ ಎತ್ತಿ ಹಿಡಿದು, ಕೆಸರೇ ಇಲ್ಲದ ಊರಿನಲ್ಲಿ ಕೆಸರು ದಾಟುವವರ ಹಾಗೆ ನಡೆಯುತ್ತಿದ್ದಿರಿ. ನಗು ತಡೆಯಲಾಗುತ್ತಿರಲಿಲ್ಲ ನನಗೆ.

ಪೈಪು ಜೋಡಿಸಲಿಕ್ಕೆ ಮನೆಮನೆ ಹತ್ತಿದ್ದನ್ನು ನೆನೆಸಿಕೊಂಡರೆ ಈಗಲೂ ಮಂಡಿ ನೋಯುತ್ತದೆ. ಯಜಮಾನರು ರಜೆಯ ದಿನವೆಲ್ಲ ಏಣಿಯ ಮೇಲೆಯೇ ಇದ್ದರು. ಪ್ರತಿ ಏಸಿಯ ಬುಡದಿಂದ ಒಂದು ಸಣ್ಣ ಕೊಳವೆ, ಅವೆಲ್ಲ ಸೇರಿ ಗೋಡೆಗುಂಟ ಇಳಿಯುವ ಒಂದು ದೊಡ್ಡ ಪೈಪು. ಮಲಯಾಳಿಗಳು ಒಪ್ಪಿದರು, ಬಂಗಾಳಿಗಳು ಒಪ್ಪಿದರು. ನಾಲ್ಕನೇ ಮಾಳಿಗೆಯ ಈಜಿಪ್ಟಿನ ಮೇಷ್ಟ್ರು ಮಾತ್ರ ಕಿಟಕಿ ತೆರೆಯಲೇ ಒಪ್ಪಲಿಲ್ಲ. ನೀವು ಜಗಳಕ್ಕೆ ಹೋಗಲಿಲ್ಲ, ಸುಮ್ಮನೆ ಅವರ ಮನೆಗೆ ಕುಬೂಸ್ ರೊಟ್ಟಿ ಕಳಿಸುವುದನ್ನು ನಿಲ್ಲಿಸಿದಿರಿ. ಕೇಳಿದರೆ, “ಕಾಲು ನೋವು ಉಸ್ತಾದ್, ನಾಲ್ಕು ಮಾಳಿಗೆ ಹತ್ಲಿಕ್ಕೆ ಆಗುದಿಲ್ಲ. ಗಲ್ಲಿಯಲ್ಲಿ ಬಿಸಿಲು ಬೇರೆ!” ಮೂರನೆಯ ದಿನ ಬೆಳಿಗ್ಗೆ ರೊಟ್ಟಿಗೆ ತಾವೇ ಇಳಿದು ಬಂದ ಮೇಷ್ಟ್ರು, ವಾರ ತುಂಬುವಾಗ ತಾವೇ ಏಣಿ ಹಿಡಿದು ನಿಂತಿದ್ದರು. ನಿಮ್ಮ ರಾಜಕೀಯ ವಿಧಾನಸೌಧದಲ್ಲಿ ಇರಬೇಕಿತ್ತು ಕಾಕ, ಈ ಬಕಾಲಾ ಅಂಗಡಿಯಲ್ಲಿ ಅಲ್ಲ.

ಮತ್ತೆ ನಾವಿಬ್ಬರೂ ಸೇರಿ ಮಾಡಿದ ಆ ಘನಕಾರ್ಯ! ಗಿಡ ನೆಡುವುದನ್ನು ನಮಗೆ ಹೇಳಿಕೊಡುವವರು ಯಾರು? ನೀವು ಕಡಲ ಕರೆಯವರು, ನಾನು ಹೊಳೆ ಬದಿಯವಳು. ನಮ್ಮೂರಲ್ಲಿ ಗಿಡ ನೆಟ್ಟ ಕೂಡಲೇ ಮೊದಲು ಮಾಡುವುದೇನು? ಬುಡಕ್ಕೆ ಮಣ್ಣು ಏರಿಸಿ ದಿಬ್ಬ ಮಾಡುವುದು. ಇಲ್ಲದಿದ್ದರೆ ಮಳೆನೀರು ನಿಂತು ಬೇರು ಕೊಳೆಯುತ್ತದೆ, ಹುಟ್ಟಿದ ಮಗುವಿಗೂ ಗೊತ್ತು. ನಾವು ಗಲ್ಲಿಯುದ್ದಕ್ಕೂ ಗೋಡೆಯ ಬದಿಯ ಹಾಸುಗಲ್ಲು ಕಿತ್ತು, ಚೀಲಗಟ್ಟಲೆ ಮಣ್ಣು ತಂದು, ಮೊಣಕಾಲೆತ್ತರ ದಿಬ್ಬ ಕಟ್ಟಿ, ಅದರ ನೆತ್ತಿಯ ಮೇಲೆ ಒಂದೊಂದು ಸಸಿ ಕೂರಿಸಿದೆವು. ಎಷ್ಟು ಚೆಂದ ಕಾಣುತ್ತಿತ್ತು! ನೀವು ಅದರ ಫೋಟೋ ತೆಗೆದು ಊರಲ್ಲಿರುವ ಹೆಂಡತಿ ಐಸಮ್ಮನಿಗೆ ಕಳಿಸಿದಿರಿ. ತಿಂಗಳು ತುಂಬುವಷ್ಟರಲ್ಲಿ ದಿಬ್ಬದ ನೆತ್ತಿಯೆಲ್ಲ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಗಿಡಗಳೆಲ್ಲ ಒಣಗಿ ಕಡ್ಡಿಯಾದವು. ನೀವು ಅಂಗಡಿಗೆ ಬಂದವರ ಮುಖ ನೋಡಲಾಗದೆ ಬೇಳೆ ಚೀಲದ ಹಿಂದೆ ಕೂರುತ್ತಿದ್ದಿರಿ. ನಾನು ಯಾರ ಮೇಲೆ ಸಿಟ್ಟು ಮಾಡುವುದೆಂದು ತಿಳಿಯದೆ ಯಜಮಾನರ ಮೇಲೆ ಮಾಡಿದೆ.

ಆಗ ಬಂದರು ನೋಡಿ ಅಬು ಫಹದ್. ನಿಮಗೆ ವೀಸಾ ಕೊಟ್ಟ ಕಫೀಲ್, ನಮಗೆ ಮನೆ ಮಾಲೀಕರು, ಇಬ್ಬರಿಗೂ ಅಷ್ಟಷ್ಟು ಹೆದರಿಕೆ. ಅಲ್ ಅಹ್ಸಾದ ಖರ್ಜೂರದ ತೋಟದವರ ಮಗ ಎಂದು ನಮಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಕಾರಿನಿಂದ ಇಳಿದು ನಮ್ಮ ದಿಬ್ಬಗಳನ್ನು ನೋಡಿದವರು ಗೋಡೆ ಹಿಡಿದುಕೊಂಡು ನಕ್ಕರು. “ಯಾ ಉಸ್ಮಾನ್! ಗಿಡವನ್ನು ಒಂಟೆ ಮೇಲೆ ಕೂರಿಸಿದ್ದೀಯಲ್ಲ! ನೀವು ನೀರಿಗೆ ಹೆದರುವ ದೇಶದವರು. ಇಲ್ಲಿ ನೀರು ಓಡಿಹೋಗುತ್ತದೆ, ಉಪ್ಪು ಮೇಲೆ ಹತ್ತುತ್ತದೆ.” ಇಲ್ಲಿಯ ಮಣ್ಣು ಒಣಗುವಾಗ ಒಳಗಿನ ಉಪ್ಪೆಲ್ಲ ಎತ್ತರದ ಜಾಗಕ್ಕೆ ಏರುತ್ತದಂತೆ. ನಾವು ಅದಕ್ಕೆ ಮೆಟ್ಟಿಲು ಕಟ್ಟಿ ಕೊಟ್ಟು, ಅದರ ತುದಿಯಲ್ಲಿ ಗಿಡವನ್ನೂ ಇಟ್ಟಿದ್ದೆವು. ದಿಬ್ಬ ಅಲ್ಲ, ಗುಂಡಿ ಬೇಕು. ತಗ್ಗಿನಲ್ಲಿ ಗಿಡ ಕೂರಿಸಿ, ಬುಡಕ್ಕೆ ಖರ್ಜೂರದ ಒಣಗರಿ ಹಾಸಿ, ನೀರು ಕೊಟ್ಟರೆ ತುಂಬಾ ಕೊಟ್ಟು, ಉಪ್ಪನ್ನು ಕೆಳಗೆ ತಳ್ಳಬೇಕು. ಪೈಪಿನ ನೀರನ್ನು ಬೊಗಸೆಯಲ್ಲಿ ಹಿಡಿದು ರುಚಿ ನೋಡಿದ ಅಬು ಫಹದ್ ಹುಬ್ಬು ಏರಿಸಿದರು. ನಲ್ಲಿಯ ನೀರಿಗಿಂತ ಇದೇ ಸಿಹಿ, ಇದರಲ್ಲಿ ಉಪ್ಪೇ ಇಲ್ಲ ಎಂದರು. ನಿಮ್ಮ ಮುಖ ಆಗ ನೋಡಬೇಕಿತ್ತು! ಬೇಳೆ ಚೀಲದ ಹಿಂದಿನಿಂದ ಎದ್ದು ಬಂದು, ಆ ನೀರನ್ನು ಮೋಡದಿಂದ ತಾವೇ ಇಳಿಸಿದವರ ಹಾಗೆ ನಿಂತಿರಿ.

ಚಳಿ ಹಿಡಿಯುವ ಹೊತ್ತಿಗೆ ಗುಂಡಿ ತೋಡಿ ಎರಡನೇ ಸಲ ನೆಟ್ಟೆವು. ಬೇವು ಕೆಲವು, ಸಿದ್ರ್ ಕೆಲವು. ಸಿದ್ರ್ ಎಂದರೆ ನಮ್ಮ ಬೋರೆ ಹಣ್ಣಿನ ಮರವೇ ಎಂದು ತಿಳಿದಾಗ ನೀವು ಕುಣಿಯುವುದೊಂದು ಬಾಕಿ. “ಶಾಲೆಗೆ ಹೋಗುವಾಗ ಕಲ್ಲು ಹೊಡೆದು ತಿಂದದ್ದು ಇದನ್ನೇ ಅಲ್ವಾ? ಇಷ್ಟು ದೂರ ಬಂದು ಇದ್ರ ಅರಬ್ಬಿ ಹೆಸರು ಕಲಿಯುದಾ!” ಅಂಗಡಿ ಎದುರಿನ ಬೋರೆಗಿಡವನ್ನು ನಿಮ್ಮ ಕೈಯಾರೆ ಕೂರಿಸಿದಿರಿ. ಅದಕ್ಕೆ ನಮ್ಮ ಮನೆಯ ಏಸಿಯ ನೀರು ಬರುತ್ತದೆ ಎಂಬ ಜಂಬ ನನಗೆ. ರಾತ್ರಿ ಪಾಳಿ ಮಾಡಿ ಹಗಲು ಮಲಗುವಾಗ ಏಸಿ ಹಾಕಿದರೆ, “ಮಲಗಿ ಸಿಸ್ಟರೇ, ಮಲಗಿ, ನೀವು ಮಲಗಿದಷ್ಟು ಗಿಡಕ್ಕೆ ಒಳ್ಳೇದು” ಎಂದು ಕೆಳಗಿನಿಂದ ಕೂಗುತ್ತಿದ್ದಿರಿ. ಜೂನಿನ ಒಣಗಾಳಿಗೆ ಏಸಿ ತೊಟ್ಟಿಕ್ಕುವುದು ನಿಂತಾಗ ಮಸೀದಿಯ ಇಮಾಮರ ಕಾಲು ಹಿಡಿದು, ನಮಾಜಿಗೆ ಮುಂಚೆ ಕೈಕಾಲು ತೊಳೆದ ವುಜೂ ನೀರನ್ನು ಗುಂಡಿಗೆ ತಿರುಗಿಸಿಕೊಂಡವರೂ ನೀವೇ. ಗಿಡ ಮೇಲೆದ್ದಿತು. ನನ್ನ ಸೊಂಟ ದಾಟಿತು, ನಿಮ್ಮ ತಲೆ ದಾಟಿತು, ಅಂಗಡಿಯ ಬೋರ್ಡು ದಾಟಿತು. ಒಂದು ಮರದ ನೆರಳಿನಿಂದ ಇನ್ನೊಂದಕ್ಕೆ ನೀವು ಕೊಡೆ ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಹೋಗುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಇನ್ನೂ ನೆರಳು ಒಂದಕ್ಕೊಂದು ಸೇರಿರಲಿಲ್ಲ. ಇನ್ನೊಂದೆರಡು ಬೇಸಿಗೆ ನೀವು ಇದ್ದಿದ್ದರೆ...

ಹೋದ ವರ್ಷ ಚಳಿ ಮುಗಿಯುವಾಗ, ಬೆಳಿಗ್ಗೆ ಶಟರ್ ಎತ್ತುತ್ತಾ ಎದೆ ಹಿಡಿದುಕೊಂಡಿರಿ. ನಾನು ಮೂರು ಮಾಳಿಗೆ ಇಳಿದು ಬಂದೆ, ನಿಮ್ಮ ಎದೆ ಒತ್ತಿದೆ, ನನಗೆ ಗೊತ್ತಿದ್ದದ್ದೆಲ್ಲ ಮಾಡಿದೆ. ಆಗಲಿಲ್ಲ ಕಾಕ. ಎಷ್ಟೋ ಜನರನ್ನು ಉಳಿಸಿದ ಕೈ ಇದು ಎಂದು ನೀವೇ ಹೇಳುತ್ತಿದ್ದಿರಿ. ಆ ದಿನ ಮಧ್ಯಾಹ್ನ ಅಬು ಫಹದ್ ಬಂದು ಯಾರೊಂದಿಗೂ ಮಾತಾಡದೆ ನಿಮ್ಮ ಬೋರೆಮರದ ಎಲೆಗಳನ್ನು ಕೊಯ್ದು ಕೊಯ್ದು ಚೀಲಕ್ಕೆ ತುಂಬತೊಡಗಿದರು. ನನಗೆ ಸಿಟ್ಟು ನೆತ್ತಿಗೇರಿತು. “ಮನುಷ್ಯ ಹೋಗಿ ಅರ್ಧ ದಿನ ಆಗಲಿಲ್ಲ, ಅವರ ಮರ ಬೋಳಿಸಲಿಕ್ಕೆ ಬಂದ್ರಾ?” ಎಂದು ಕೂಗಿಬಿಟ್ಟೆ, ಕನ್ನಡದಲ್ಲೇ. ಅವರು ತಿರುಗಿ ನೋಡಿದರು. ಕಣ್ಣು ಕೆಂಪಾಗಿತ್ತು. ಇಮಾಮರು ನನಗೆ ಮೆಲ್ಲಗೆ ಹೇಳಿದರು: ಮಯ್ಯತ್ತಿಗೆ ಸ್ನಾನ ಮಾಡಿಸುವ ನೀರಿಗೆ ಸಿದ್ರ್ ಎಲೆ ಹಾಕುವುದು ಕ್ರಮ; ಮಯ್ಯತ್ತು ತೊಳೆಯುವಲ್ಲಿ ಅದರ ಪುಡಿ ಸಿಗುತ್ತದೆ, ಆದರೆ ಉಸ್ಮಾನನಿಗೆ ಉಸ್ಮಾನನ ಮರದ್ದೇ ಎಲೆ ಬೇಕೆಂದು ಅಬು ಫಹದ್ ಹಟ ಹಿಡಿದಿದ್ದಾರೆ. ನಾನು ಹೋಗಿ ಕೆಳಗಿನ ಕೊಂಬೆ ಬಗ್ಗಿಸಿ ಹಿಡಿದೆ. ಮುಳ್ಳು ಚುಚ್ಚಿತು, ಚುಚ್ಚಲಿ ಎಂದು ಬಿಟ್ಟೆ. ನಮ್ಮ ಮನೆಯ ಏಸಿ ನೀರು ಕುಡಿದ ಎಲೆಯಲ್ಲಿ ನಿಮಗೆ ಕೊನೆಯ ಸ್ನಾನ ಆಯಿತು. ನನಗೆ ಅಳು ಬಂತು, ಅದರ ಜೊತೆಗೇ ಏನೋ ಒಂದು ಹೆಮ್ಮೆ ಕೂಡ ಬಂತು. ತಪ್ಪಾ?

ಅದಾಗಿ ಕೆಲವು ದಿನಗಳಿಗೆ ಐಸಮ್ಮನವರಿಗೆ ಫೋನು ಮಾಡಿದೆ. ಅಷ್ಟು ವರ್ಷ ನಿಮ್ಮ ಬಾಯಲ್ಲಿ ಕೇಳಿದ್ದೇ ಹೊರತು ಮಾತಾಡಿದ್ದು ಅದೇ ಮೊದಲು. ಅವರು ಅಳಲಿಲ್ಲ. ನೇರವಾಗಿ ಹೇಳಿದರು: “ಸಿಸ್ಟರೇ, ಬರುವ ವರ್ಷ ಉಮ್ರಾಕ್ಕೆ ಮಕ್ಕಾಕ್ಕೆ ಬರ್ತೇನೆ. ಅಲ್ಲಿಂದ ದಮ್ಮಾಮಿಗೂ ಬರ್ತೇನೆ. ಖಬರಿನ ಹತ್ರ ನನ್ನನ್ನು ಬಿಡುದಿಲ್ಲ ಅಂತ ಗೊತ್ತುಂಟು. ಅವರು ನೆಟ್ಟ ಮರ ಉಂಟಲ್ಲ, ಅದನ್ನಾದ್ರೂ ಒಮ್ಮೆ ಮುಟ್ತೇನೆ. ಅಲ್ಲಿವರೆಗೆ ಅದನ್ನು ನೋಡಿಕೊಳ್ತೀರಾ?” ನಾನು “ನೋಡಿಕೊಳ್ತೆ” ಎಂದೆ. ಇಷ್ಟೇ ಮಾತು. ಆದರೆ ಆ ದಿನದಿಂದ ನನಗೆ ಆ ಮರದ ಒಂದೊಂದು ಎಲೆಯೂ ಒಪ್ಪಿಸಬೇಕಾದ ಸ್ವತ್ತಾಯಿತು.

ಅದಕ್ಕೇ ಕಳೆದ ಸೆಪ್ಟೆಂಬರಿನಲ್ಲಿ ಮರಗಳಿಗೆಲ್ಲ ಕೆಂಪು ಬಣ್ಣದ ಗುರುತು ಬಿದ್ದ ಬೆಳಿಗ್ಗೆ ನಾನು ಚಪ್ಪಲಿಯನ್ನೂ ಹಾಕದೆ ಕೆಳಗೆ ಓಡಿದೆ. ಬಲದಿಯಾದವರು, ನಗರಸಭೆಯ ಜನ, ಹಿಂದಿನ ದಿನ ಬಂದು ಕಡಿಯಬೇಕೆಂದು ಬರೆದು ಹೋಗಿದ್ದರು. ರಸ್ತೆ ಅವರದ್ದು, ನಾವು ಯಾರನ್ನೂ ಕೇಳದೆ ಕಲ್ಲು ಕಿತ್ತವರು. ಬೆಂಕಿ ಬಿದ್ದರೆ ಅಗ್ನಿಶಾಮಕದ ಗಾಡಿ ಒಳಗೆ ಬರಬೇಡವೇ? ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು. ನೀವು ಇದ್ದಿದ್ದರೆ ಯಾರಿಗೆ ಕುಬೂಸ್ ನಿಲ್ಲಿಸುತ್ತಿದ್ದಿರಿ ಎಂದು ಯೋಚಿಸಿದೆ. ಬಲದಿಯಾಕ್ಕೆ ಕುಬೂಸ್ ನಿಲ್ಲಿಸುವುದು ಹೇಗೆ?

ಅಬು ಫಹದ್ ಕಚೇರಿಗೆ ಅಲೆದು, ಕಡಿಯುವ ಮೊದಲು ಒಬ್ಬರು ಇಂಜಿನಿಯರ್ ಬಂದು ಕಣ್ಣಾರೆ ನೋಡಬೇಕು ಎಂದಷ್ಟು ಒಪ್ಪಿಸಿದರು. ಬಂದವಳು ನೂರಾ ಎಂಬ ಹುಡುಗಿ, ನಮ್ಮ ಕ್ಲಿನಿಕ್ಕಿನ ಹೊಸ ಡಾಕ್ಟರುಗಳಷ್ಟೇ ವಯಸ್ಸು. ಜೊತೆಗೆ ಗರಗಸ, ಹಾರೆ ಹಿಡಿದ ಕೆಲಸದವರು. ಬಂದದ್ದು ಸರಿಯಾಗಿ ಮಧ್ಯಾಹ್ನ. ನಾನು ಅವಳನ್ನು ಗಲ್ಲಿಯ ಬಾಯಿಯಲ್ಲೇ, ಬಿಸಿಲಲ್ಲೇ ನಿಲ್ಲಿಸಿ ಮಾತಿಗೆ ಶುರು ಮಾಡಿದೆ. ಸಿಟ್ಟು ಬಂದರೆ ನನ್ನ ಇಂಗ್ಲಿಷ್ ಚೆನ್ನಾಗಿ ಓಡುತ್ತದೆ ಎಂದು ನಿಮಗೆ ಗೊತ್ತಲ್ಲ. ಅವಳು ತಾಳ್ಮೆಯಿಂದ ಕೇಳಿದಳು. “ಮರ ತಪ್ಪಲ್ಲ, ಕೇಳದೆ ನೆಟ್ಟದ್ದು ತಪ್ಪು. ನಾಳೆ ಗೋಡೆ ಬಿರುಕು ಬಿಟ್ಟರೆ, ಗಾಡಿ ಬರದಿದ್ದರೆ, ಜನ ನನ್ನನ್ನು ಕೇಳುತ್ತಾರೆ” ಎಂದಳು. ಮಾತಾಡುತ್ತಾ ಮಾತಾಡುತ್ತಾ ಅವಳ ಹಣೆಯಿಂದ ಬೆವರಿಳಿಯಿತು. ಒಂದೊಂದೇ ಹೆಜ್ಜೆ ಒಳಗೆ ಸರಿದಳು. ಕೊನೆಗೆ ನಿಮ್ಮ ಬೋರೆಮರದ ಕೆಳಗೆ ಬಂದು ನಿಂತು, ಕಪ್ಪು ಕನ್ನಡಕ ತೆಗೆದು, ಉಸ್ಸೆಂದಳು.

“ಹೋಯ್ ಮೇಡಂ, ಈಗ ನಿಮ್ಮವರನ್ನು ನೋಡಿ” ಎಂದೆ. ಕಡಿಯಲಿಕ್ಕೆ ಬಂದವರೆಲ್ಲ ಮುಂದಿನ ಬೇವಿನ ಮರದ ಕೆಳಗೆ ಗರಗಸ ಇಟ್ಟು, ಬುತ್ತಿ ಬಿಚ್ಚಿ ಕೂತಿದ್ದರು. ಒಬ್ಬ ಆಗಲೇ ಕಾಲು ಚಾಚಿ ಮಲಗಿದ್ದ! ನೂರಾಳಿಗೆ ನಗು ಬಂತು, ತಡೆದುಕೊಂಡಳು. ನೀರೆಲ್ಲಿಂದ ಎಂದು ಕೇಳಿದಳು. ನಾನು ಪೈಪು ತೋರಿಸಿದೆ. ಅದರ ಬಾಯಿಗೆ ಕೈಯೊಡ್ಡಿ ಬೊಗಸೆ ತುಂಬಿಸಿಕೊಂಡಳು, ಕತ್ತೆತ್ತಿ ಗೋಡೆಗುಂಟ ಮೇಲಿನವರೆಗೆ ನೋಡಿದಳು. ಅಷ್ಟರಲ್ಲಿ ಎಲ್ಲ ಕಿಟಕಿಗಳಲ್ಲೂ ತಲೆಗಳು. ಈಜಿಪ್ಟಿನ ಮೇಷ್ಟ್ರಂತೂ ಬನಿಯನ್ನಿನಲ್ಲೇ ಹೊರಗೆ ಬಗ್ಗಿದ್ದರು. ಅವಳು ಅವರನ್ನೆಲ್ಲ ಉದ್ದೇಶಿಸಿ ಅರಬ್ಬಿಯಲ್ಲಿ ಜೋರಾಗಿ ಕೇಳಿದಳು: “ಈ ಮರಗಳಿಗೆ ಜವಾಬ್ದಾರಿ ಯಾರು?”

ಕಾಕಾ, ಕೇಳಿ. ಎಲ್ಲ ಕಿಟಕಿಗಳಿಂದಲೂ ಒಂದೇ ಉತ್ತರ ಬಂತು. “ಉಸ್ಮಾನ್!” ಮಲಯಾಳಿಗಳು, ಬಂಗಾಳಿಗಳು, ಮೇಷ್ಟ್ರು, ಅವರ ಹೆಂಡತಿ, ನಿಮ್ಮನ್ನು ಕಿಚಾಯಿಸುತ್ತಿದ್ದ ಮಕ್ಕಳು, ಎಲ್ಲರೂ. “ಸರಿ, ಉಸ್ಮಾನ್ ಎಲ್ಲಿ? ಕರೆಯಿರಿ” ಎಂದಳು ನೂರಾ. ನೀರು ಗುಂಡಿಗೆ ಬೀಳುವ ಸದ್ದು ಮಾತ್ರ. ಅಬು ಫಹದ್ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ನೆಲ ನೋಡಿದರು. ನಾನು ಹೇಳಿದೆ, “ಅವರು ಇಲ್ಲ. ನಾನಿದ್ದೇನೆ. ನನ್ನ ಹೆಸರು ಬರೆಯಿರಿ, ಶಾಲಿನಿ.” ಮೇಲಿನಿಂದ ಮೇಷ್ಟ್ರು “ನನ್ನದೂ ಬರೆಯಿರಿ” ಎಂದರು. ಆಮೇಲೆ ಯಾರು ಯಾರು ಕೂಗಿದರೋ ನನಗೆ ಕಣ್ಣು ಮಂಜಾಗಿ ಕಾಣಲಿಲ್ಲ.

ಅವಳು ಆ ದಿನ ಹೆಸರುಗಳನ್ನು ಬರೆದುಕೊಂಡು ಹೋದಳು. ಕೆಲಸದವರೂ ಬುತ್ತಿ ಕಟ್ಟಿಕೊಂಡು ಹೋದರು. ಎಷ್ಟೋ ದಿನ ನಾನು ಬೆಳಿಗ್ಗೆ ಎದ್ದ ಕೂಡಲೇ ಕಿಟಕಿಗೆ ಓಡುತ್ತಿದ್ದೆ. ಕೊನೆಗೆ ತೀರ್ಮಾನ ಬಂತು. ಗಲ್ಲಿಯ ಬಾಯಿಯ ಬೇವು ಹೋಗಬೇಕು, ಗಾಡಿ ತಿರುಗಲಿಕ್ಕೆ ಜಾಗ ಬೇಕು. ಅದು ನ್ಯಾಯವೇ, ಬೇಸರವಾದರೂ ಒಪ್ಪಿದೆವು. ಉಳಿದವೆಲ್ಲ ಇರಲಿ. ಯಜಮಾನರು ತಂತಿಯಲ್ಲಿ ಕಟ್ಟಿದ್ದ ಪೈಪುಗಳನ್ನು ತೆಗೆದು ಬಲದಿಯಾದವರೇ ಗಟ್ಟಿಯಾಗಿ ಕೂರಿಸಿ ಕೊಟ್ಟರು. ಗುಂಡಿಗಳ ಸುತ್ತ ಕಬ್ಬಿಣದ ಚೌಕಟ್ಟು ಹಾಕಿದರು, ಬೇರು ಗೋಡೆಗೆ ಹೋಗದ ಹಾಗೆ ತಡೆ ಇಟ್ಟರು. ಕೆಂಪು ಗುರುತಿನ ಮೇಲೆ ಸುಣ್ಣ ಬಿತ್ತು. ಈ ಚಳಿಗಾಲದಲ್ಲಿ ಹಿಂದಿನ ಗಲ್ಲಿಗೂ ಪೈಪು ಇಳಿಸಿದ್ದಾರೆ, ಸಸಿ ಅವರೇ ಕೊಟ್ಟಿದ್ದಾರೆ. ಈಗ ಊರಿಡೀ ಮರ ನೆಡುವ ಕಾಲವಂತೆ, ದೊಡ್ಡ ರಸ್ತೆಗಳ ಬದಿಯಲ್ಲೆಲ್ಲ ನೆಡುತ್ತಿದ್ದಾರೆ. ನೆಡಲಿ, ಸಂತೋಷ. ಆದರೆ ಹಿಂದಿನ ಗಲ್ಲಿಯವರು ಗುಂಡಿ ತೋಡುವಾಗ ನನ್ನನ್ನು ಕರೆದರು. ನಾನು ಸೊಂಟಕ್ಕೆ ಕೈಕೊಟ್ಟು ನಿಂತು, “ದಿಬ್ಬ ಮಾಡಬೇಡಿ, ಉಪ್ಪು ಹತ್ತುತ್ತದೆ” ಎಂದು ಅಬು ಫಹದ್ ಗತ್ತಿನಲ್ಲೇ ಹೇಳಿ ಬಂದೆ.

ಮೊನ್ನೆ ಐಸಮ್ಮ ಬಂದರು. ಉಮ್ರಾ ಮುಗಿಸಿ, ಜುಬೈಲಿನಲ್ಲಿರುವ ತಮ್ಮನ ಜೊತೆ. ಮೊದಲು ಖಬರಸ್ತಾನದ ಗೇಟಿಗೆ ಹೋಗಿ ಹೊರಗಿನಿಂದಲೇ ದುಆ ಮಾಡಿ ಬಂದಿದ್ದರಂತೆ. ಕಾರು ಗಲ್ಲಿಯ ಬಾಯಿಯಲ್ಲಿ ನಿಂತಾಗ ಲುಹರಿನ ಬಾಂಗು ಆಗುತ್ತಿತ್ತು. ನಾನು ನಿಮ್ಮ ಕೊಡೆ ಹಿಡಿದು ಕಾಯುತ್ತಿದ್ದೆ. ಅಂಗಡಿಯ ಮೊಳೆಯಲ್ಲೇ ತೂಗುತ್ತಿತ್ತು ಅದು, ಯಾರೂ ಮುಟ್ಟಿರಲಿಲ್ಲ. ಕೈಗೆ ಕೊಟ್ಟೆ. ಅವರು ಅದರ ಹಿಡಿಯನ್ನು ಸೆರಗಿನಲ್ಲಿ ಒರೆಸಿದರು. ನಿಮ್ಮ ಮರದ ಹತ್ತಿರ ಬಂದವರು ಕಾಂಡಕ್ಕೆ ಅಂಗೈ ಒತ್ತಿ ನಿಂತರು. ನಾನು ಬೇರೆ ಕಡೆ ತಿರುಗಿದೆ. ಎಷ್ಟು ಹೊತ್ತು ನಿಂತರೋ ನಾನು ನೋಡಲಿಲ್ಲ, ಅದು ನಿಮ್ಮಿಬ್ಬರ ವಿಷಯ.

ಆಮೇಲೆ ಕೆಳಗೆ ಬಿದ್ದಿದ್ದ ಹಣ್ಣು ಹೆಕ್ಕಿ ಒಂದನ್ನು ಬಾಯಿಗೆ ಹಾಕಿಕೊಂಡು, “ಹುಳಿ ಇಲ್ಲ” ಎಂದರು. ಬೀಜಗಳನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡರು. “ಊರಲ್ಲಿ ನೆಡ್ತೇನೆ.” ನಾನು ಕೂಡಲೇ ಹೇಳಿದೆ, “ಅಲ್ಲಿ ಗುಂಡಿಯಲ್ಲಿ ನೆಡಬೇಡಿ ಐಸಮ್ಮ, ಕೊಳೆತು ಹೋಗತ್ತೆ. ಮಣ್ಣು ಏರಿಸಿ, ದಿಬ್ಬ ಮಾಡಿ ನೆಡಿ.” ಅವರಿಗೆ ನಮ್ಮ ಹಳೆಯ ದಿಬ್ಬದ ಫೋಟೋ ನೆನಪಿತ್ತು. ಇಬ್ಬರಿಗೂ ಒಟ್ಟಿಗೆ ನಗು ಬಂತು ಕಾಕ, ಸಾವಿನ ಮನೆಯಲ್ಲಿ ಬರುವಂಥ ನಗು, ನಿಲ್ಲಿಸಲಾಗದ್ದು. ನೀವು ಬೇಳೆ ಚೀಲದ ಹಿಂದಿನಿಂದ ಇಣುಕಿ ಮುಖ ಊದಿಸುತ್ತೀರೇನೋ ಎಂದು ಒಂದು ಕ್ಷಣ ಅತ್ತ ನೋಡಿದೆ.

ಮಸೀದಿಯಲ್ಲಿ ಹೆಂಗಸರಿಗೂ ಬೇರೆ ಬಾಗಿಲಿದೆಯಲ್ಲ, ಅವರು ನಮಾಜಿಗೆ ಹೊರಟರು. ನಾನು ಜೊತೆಗೆ ನಡೆದೆ. ನಿಮ್ಮ ಬೋರೆ, ಅದು ಮುಗಿಯುವಲ್ಲಿ ಬೇವು, ಬೇವು ಮುಗಿಯುವ ಮೊದಲೇ ಇನ್ನೊಂದು ಬೋರೆ. ಈ ವರ್ಷ ಕೊಂಬೆಗಳು ಒಂದಕ್ಕೊಂದು ಕೈ ಕೊಟ್ಟಿವೆ ಕಾಕ. ಮಸೀದಿ ಬಾಗಿಲಿನವರೆಗೂ. ಅವರು ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ನಡೆದರು, ಬಿಚ್ಚಲಿಲ್ಲ, ಬಿಚ್ಚಬೇಕೆಂದು ಅನಿಸಲೂ ಇಲ್ಲ. ಮೆಟ್ಟಿಲ ಹತ್ತಿರ ಊರಿನಿಂದ ಮಗಳು ಸಫಿಯಾಳ ಫೋನು ಬಂತು. ಆ ಕಡೆಯಿಂದ ಅವಳು ಕೇಳಿದ್ದು ನನಗೂ ಕೇಳಿಸಿತು: “ಉಮ್ಮಾ, ತುಂಬಾ ಬಿಸಿಲುಂಟಾ ಅಲ್ಲಿ?” ಇಷ್ಟು ವರ್ಷ ನಿಮ್ಮನ್ನು ಅವಳು ಫೋನಿನಲ್ಲಿ ಮೊದಲು ಕೇಳುತ್ತಿದ್ದ ಮಾತು ಇದೇ ಅಲ್ಲವೇ? ನೀವು ಪ್ರತಿ ಸಲ “ಸುಡ್ತದೆ ಮಗಾ, ಸುಡ್ತದೆ” ಅನ್ನುತ್ತಿದ್ದಿರಿ.

ಐಸಮ್ಮ ತಲೆಯೆತ್ತಿ ಮೇಲೆ ನೋಡಿದರು. ತಿರುಗಿ ಅಂಗಡಿಯವರೆಗಿನ ಗಲ್ಲಿಯನ್ನೊಮ್ಮೆ ನೋಡಿದರು. ಆಮೇಲೆ ಹೇಳಿದರು:

“ಇಲ್ಲ ಮಗಾ. ಬಾಪಾನ ಗಲ್ಲಿಯಲ್ಲಿ ಬಿಸಿಲಿಲ್ಲ.”

ಮೂರನೇ ಮಾಳಿಗೆಯ ಕಿಟಕಿಯವಳು,
ನಿಮ್ಮ ಮರಕ್ಕೆ ಈಗ ಜವಾಬ್ದಾರಳಾದ
ಶಾಲಿನಿ ಸಿಸ್ಟರ್